ಹತ್ತೊಂಬತ್ತನೇ ಶತಮಾನದ ಬೇಸ್‌ಬಾಲ್ ಕಾರ್ಡು: ಮೊದಲು ಕೊಳ್ಳುವುದು ಓಲ್ಡ್ ಜಡ್ಜೋ, ಅಲೆನ್ ಅಂಡ್ ಗಿಂಟರೋ?

ಪ್ರಶ್ನೆ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1887ರಿಂದ 1914ರವರೆಗಿನ ಸುಮಾರು 2,100 ಬೇಸ್‌ಬಾಲ್ ಕಾರ್ಡುಗಳನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅವನ್ನು ನೋಡುತ್ತ ಹೋದಂತೆ ಇಪ್ಪತ್ತನೇ ಶತಮಾನದ ಕಾರ್ಡುಗಳಿಗಿಂತ ಅದರ ಹಿಂದಿನವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು. ಆ ಕಾಲದ ಒಂದೇ ಒಂದು ಅಸಲಿ ಕಾರ್ಡನ್ನಾದರೂ ಕೊಳ್ಳಬೇಕೆಂದು ಹಣ ಕೂಡಿಟ್ಟಿದ್ದೇನೆ. ಅಂದು ಸಿಗರೇಟು ಪೊಟ್ಟಣಗಳಲ್ಲಿ ಇಟ್ಟು ಕೊಡುತ್ತಿದ್ದ ಎರಡು ಕಾರ್ಡುಗಳು ಕಣ್ಣ ಮುಂದಿವೆ. ಒಂದು, ಹೆಚ್ಚು ಹೆಸರು ಮಾಡದ ಆಟಗಾರನ, ಓಲ್ಡ್ ಜಡ್ಜ್ ಎಂಬ ಸಿಗರೇಟಿನ ಕಾರ್ಡು. ಚಿತ್ರ ಕೊಂಚ ಮಸುಕಾಗಿದೆ. ಇನ್ನೊಂದು, ಅಲೆನ್ ಅಂಡ್ ಗಿಂಟರ್ ಎಂಬ ತಂಬಾಕು ಕಂಪನಿಯ 1887ರ ಕಾರ್ಡು. ಬಣ್ಣ ಚೆನ್ನಾಗಿದೆ, ಆದರೆ ಹಿಂಬದಿಗೆ ಹಳೆಯ ಆಲ್ಬಮ್ಮಿನ ಕಾಗದ ಅಂಟಿಕೊಂಡಿದೆ. ಯಾವುದನ್ನು ಆರಿಸಿಕೊಳ್ಳಬೇಕು, ಅಸಲಿಯೆಂದು ತಿಳಿಯುವುದು ಹೇಗೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ನನ್ನ ಮತ ಓಲ್ಡ್ ಜಡ್ಜ್‌ಗೆ. ಅದು ಅಚ್ಚಾದ ಚಿತ್ರವಲ್ಲ, ನಿಜವಾದ ಛಾಯಾಚಿತ್ರ. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ 1886ರಿಂದ 1890ರವರೆಗೆ ತನ್ನ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟ ಈ ಕಾರ್ಡುಗಳನ್ನು, ಮೊಟ್ಟೆಯ ಬಿಳಿಲೋಳೆ ಸವರಿದ ತೆಳು ಕಾಗದದ ಮೇಲೆ ಮೂಡಿಸಿದ ಚಿತ್ರವನ್ನು ಗಟ್ಟಿ ರಟ್ಟಿಗೆ ಅಂಟಿಸಿ ತಯಾರಿಸುತ್ತಿದ್ದರು. ಅಂದಿನ ಕ್ಯಾಮೆರಾ ಓಡುವ ಆಟಗಾರನನ್ನು ಸ್ಪಷ್ಟವಾಗಿ ಹಿಡಿಯಲಾರದ್ದರಿಂದ ಇಡೀ ಆಟವನ್ನೇ ಸ್ಟುಡಿಯೋದೊಳಗೆ ತಂದು ನಿಲ್ಲಿಸಿದರು. ಹಿಂದೆ ಬಣ್ಣ ಬಳಿದ ಪರದೆ, ಕಾಲ ಕೆಳಗೆ ನೆಲಹಾಸು. ಜಾರಿ ಬಿದ್ದವನಂತೆ ಒಬ್ಬ ಮಲಗಿದ್ದರೆ ಇನ್ನೊಬ್ಬ ಬಾಗಿ ಅವನಿಗೆ ಚೆಂಡು ಮುಟ್ಟಿಸುತ್ತಿರುತ್ತಾನೆ. ಹಿಡಿಯಲು ಕೈಚಾಚಿದವನ ಮುಂದಿನ ಚೆಂಡು ದಾರದಿಂದ ತೂಗುತ್ತಿರುತ್ತದೆ, ಕೆಲವು ಕಾರ್ಡುಗಳಲ್ಲಿ ಆ ದಾರ ಬರಿಗಣ್ಣಿಗೇ ಕಾಣುತ್ತದೆ. ಈ ಸಾಲಿನಲ್ಲಿ ಐನೂರಕ್ಕೂ ಹೆಚ್ಚು ಆಟಗಾರರಿದ್ದು, ಭಂಗಿಗಳು ಸಾವಿರಗಳ ಲೆಕ್ಕದಲ್ಲಿವೆ. ಹಾಗಾಗಿ ಪೂರ್ಣ ಸಂಗ್ರಹದ ಆಸೆಯನ್ನು ಬದಿಗಿಟ್ಟು, ಬಹಳ ಮಂದಿ ಒಂದು ತಂಡವನ್ನೋ ಒಬ್ಬ ಆಟಗಾರನನ್ನೋ ಹಿಡಿದುಕೊಂಡು ಸಂಗ್ರಹಿಸುತ್ತಾರೆ. ಹೆಸರು ಮಾಡದ ಆಟಗಾರನೆಂದು ಹಿಂಜರಿಯಬೇಡಿ. ಬೇರೆಲ್ಲೂ ಮುಖ ಉಳಿಯದೆ ಹೋದವರನ್ನು ಹೀಗೆ ನೋಡಲು ಸಿಗುವುದೇ ಈ ಸಾಲಿನ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೇನೆ.

ಪರೀಕ್ಷಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಅಸಲಿಯಲ್ಲಿ ನೆರಳಿನಿಂದ ಬೆಳಕಿಗೆ ಛಾಯೆ ಎಲ್ಲಿಯೂ ಕಡಿಯದೆ ಸಾಗುತ್ತದೆ. ಸಾಲುಗಟ್ಟಿದ ಚುಕ್ಕೆಗಳು ಕಂಡರೆ ಅದು ನಂತರದ ಮುದ್ರಣ. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರದ ಕಾಗದ ಬೇರೆ, ರಟ್ಟು ಬೇರೆ ಎಂದು ಎರಡು ಪದರಗಳು ತಿಳಿಯಬೇಕು. ಹಿಂಬದಿ ಖಾಲಿಯಿರುವುದು ಸಹಜ, ಅದನ್ನು ಕಂಡು ಅನುಮಾನಿಸಬೇಡಿ.

ಉತ್ತರ 2

ಮೇಲಿನವರ ಮಾತನ್ನು ಗೌರವಿಸುತ್ತಲೇ ನಾನು ಅಲೆನ್ ಅಂಡ್ ಗಿಂಟರ್ ಪರವಾಗಿ ಬರೆಯುತ್ತಿದ್ದೇನೆ. ಈಗಾಗಲೇ ಮಸುಕಾದ ಛಾಯಾಚಿತ್ರ ಬೆಳಕು ಬಿದ್ದಷ್ಟೂ ಇನ್ನಷ್ಟು ಹಳದಿಗಟ್ಟಿ, ಮುಖದ ಗೆರೆಗಳನ್ನೇ ಕಳೆದುಕೊಳ್ಳುತ್ತದೆ, ಕಳೆದುಹೋದದ್ದು ಮರಳಿ ಬರುವುದಿಲ್ಲ. ವರ್ಜೀನಿಯಾದ ರಿಚ್‌ಮಂಡ್ ನಗರದ ಈ ಕಂಪನಿಯ ಕಾರ್ಡುಗಳಾದರೋ ಕಲ್ಲಚ್ಚಿನಲ್ಲಿ ಒಂದರ ಮೇಲೊಂದು ಬಣ್ಣ ಕೂರಿಸಿ ಮುದ್ರಿಸಿದವು. 1887ರ ಸಾಲಿನಲ್ಲಿ ಇರುವುದು 50 ಕಾರ್ಡುಗಳು, ಅವುಗಳಲ್ಲಿ ಬೇಸ್‌ಬಾಲ್ ಆಟಗಾರರು 10 ಮಂದಿ ಮಾತ್ರ. ಕ್ಯಾಪ್ ಆ್ಯನ್ಸನ್, ಮೈಕ್ ಕೆಲ್ಲಿ, ಚಾರ್ಲ್ಸ್ ಕೊಮಿಸ್ಕಿ, ಜಾನ್ ಕ್ಲಾರ್ಕ್‌ಸನ್ ಅವರೆಲ್ಲ ಇದರಲ್ಲಿದ್ದಾರೆ. ಉಳಿದವರು ಮುಷ್ಟಿಕಾಳಗದವರು, ಕುಸ್ತಿಪಟುಗಳು, ದೋಣಿ ಓಟದವರು, ಬಿಲಿಯರ್ಡ್ಸ್ ಆಟಗಾರರು ಮತ್ತು ಆ್ಯನಿ ಓಕ್ಲಿಯಂಥ ಗುರಿಕಾರರು. ಹತ್ತನ್ನೂ ಎಂದಾದರೂ ಕೂಡಿಸಬಹುದೆಂಬ ಭರವಸೆ ಹೊಸ ಸಂಗ್ರಾಹಕನಿಗೆ ದೊಡ್ಡ ಬಲ.

ಇಲ್ಲಿಯೂ ಭೂತಗನ್ನಡಿ ಬೇಕು, ಆದರೆ ನೋಡಬೇಕಾದದ್ದು ಬೇರೆ. ಕಲ್ಲಚ್ಚಿನಲ್ಲಿಯೂ ಚುಕ್ಕೆಗಳಿರುತ್ತವೆ, ಅವು ಕೈಯಿಂದ ಇಟ್ಟವಾದ್ದರಿಂದ ಗಾತ್ರ, ಅಂತರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಅಳತೆಗೋಲಿಟ್ಟಂತೆ ಸಾಲಾಗಿ ನಿಂತ ಚುಕ್ಕೆಗಳು ಹೊಸ ಮುದ್ರಣದ ಗುರುತು. ಅತಿನೇರಳೆ ದೀಪದ ಕೆಳಗೆ ಕಾರ್ಡು ನೀಲಿಬಿಳುಪಾಗಿ ಹೊಳೆದರೆ ಕೊಳ್ಳಬೇಡಿ. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವ ಪದ್ಧತಿ ಇಪ್ಪತ್ತನೇ ಶತಮಾನದ್ದು. ಹೊಳೆಯದಿದ್ದ ಮಾತ್ರಕ್ಕೆ ಅಸಲಿಯೆಂದು ತೀರ್ಮಾನಿಸುವುದೂ ತಪ್ಪು, ಏಕೆಂದರೆ ಹಳೆಯ ಖಾಲಿ ಕಾಗದದ ಮೇಲೂ ನಕಲು ಮಾಡಬಹುದು.

ಉತ್ತರ 3

ಪಟ್ಟಿಗಳಲ್ಲಿ ಕಾಣುವ ಸಂಖ್ಯೆಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಓಲ್ಡ್ ಜಡ್ಜ್‌ಗೆ ಎನ್172, 1887ರ ಅಲೆನ್ ಅಂಡ್ ಗಿಂಟರ್‌ಗೆ ಎನ್28 ಎಂಬ ಗುರುತುಗಳು ಕಾರ್ಡು ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಸಿದ್ಧಪಡಿಸಿದ ಸೂಚಿಯಿಂದ ಬಂದವು. ತಮ್ಮ ಇಡೀ ಸಂಗ್ರಹವನ್ನು ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರಕ್ಕೂ ಹೆಚ್ಚು. 1890ರಲ್ಲಿ ಗುಡ್‌ವಿನ್, ಅಲೆನ್ ಅಂಡ್ ಗಿಂಟರ್ ಮೊದಲಾದ ಕಂಪನಿಗಳು ಅಮೆರಿಕನ್ ಟೊಬ್ಯಾಕೊ ಕಂಪನಿಯಲ್ಲಿ ಒಂದಾದವು. ಪೈಪೋಟಿ ಹೋದ ಮೇಲೆ ಗಿರಾಕಿಯನ್ನು ಸೆಳೆಯಲು ಕಾರ್ಡುಗಳ ಅಗತ್ಯವೂ ಹೋಯಿತು. 1890ರ ದಶಕದ ಕಾರ್ಡುಗಳು, 1895ರ ಮೇಯೊ ಕಟ್ ಪ್ಲಗ್ ಎಂಬ ತಂಬಾಕಿನ ಕಾರ್ಡುಗಳಂಥ ಕೆಲವನ್ನು ಬಿಟ್ಟರೆ, ಅಪರೂಪವಾಗಿರುವುದು ಇದರಿಂದಲೇ.

ಯಾವುದನ್ನೇ ಕೊಂಡರೂ ಅಂಚು ಕತ್ತರಿಸಿದ್ದಾರೆಯೇ ಎಂದು ಅಳೆದು ನೋಡಿ. ನೂರು ವರ್ಷ ಮೀರಿದ ಕಾರ್ಡಿನ ನಾಲ್ಕು ಮೂಲೆಗಳೂ ಚೂಪಾಗಿದ್ದು ಮೈ ಮಾತ್ರ ಸವೆದಿದ್ದರೆ ಅನುಮಾನ ಪಡಲೇಬೇಕು.

ಪ್ರಶ್ನಿಸಿದವರು

ಮೂವರಿಗೂ ಕೃತಜ್ಞತೆಗಳು. ಅಲೆನ್ ಅಂಡ್ ಗಿಂಟರ್ ಕೊಂಡರೆ ಹಿಂಬದಿಯ ಕಾಗದವನ್ನು ನೀರಿನಲ್ಲಿ ನೆನೆಸಿ ತೆಗೆಯಬಹುದೇ?

ಉತ್ತರ 2

ದಯವಿಟ್ಟು ನೀವೇ ಕೈಹಾಕಬೇಡಿ. ಆ ಕಾಗದದ ಕೆಳಗೆ ಐವತ್ತು ಹೆಸರುಗಳ ಪಟ್ಟಿ ಅಚ್ಚಾಗಿರುತ್ತದೆ. ಅವಸರದಲ್ಲಿ ಎಳೆದರೆ ಅದರ ಪದರವೂ ಕಿತ್ತುಬರುತ್ತದೆ. ಅಂದಿನ ಮಕ್ಕಳು ಹಿಟ್ಟಿನ ಅಂಟು ಬಳಸಿದ್ದರೆ ಸಾದಾ ನೀರಿಗೆ ಅದು ಬಿಡಬಹುದು, ಆದರೆ ಯಾವ ಅಂಟು ಎಂದು ನೋಡಿ ಹೇಳಬೇಕಾದವರು ಕಾಗದ ಸಂರಕ್ಷಣೆಯಲ್ಲಿ ಪಳಗಿದವರು. ಮುಂದೆ ಮಾರುವಾಗ ನೆನೆಸಿದ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸುವುದು ನ್ಯಾಯ.

ಉತ್ತರ 1

ಓಲ್ಡ್ ಜಡ್ಜ್ ಆದರೆ ನೀರಿನ ಮಾತನ್ನೇ ಎತ್ತಬೇಡಿ. ಚಿತ್ರದ ಕಾಗದ ರಟ್ಟಿನಿಂದ ಬಿಟ್ಟುಬರುತ್ತದೆ, ಮೇಲ್ಪದರ ಬಿರಿಯುತ್ತದೆ. ಪಿವಿಸಿ ಹಾಳೆಯೊಳಗೆ ಇಡದೆ ಪಾಲಿಯೆಸ್ಟರ್ ಲಕೋಟೆಯಲ್ಲಿಟ್ಟು, ತೇವವಿಲ್ಲದ ಕತ್ತಲೆಯ ಪೆಟ್ಟಿಗೆಯಲ್ಲಿ ಇರಿಸಿ. ಗೋಡೆಗೆ ತೂಗುಹಾಕುವ ಆಸೆಯಿದ್ದರೆ ಒಳ್ಳೆಯ ಪ್ರತಿಯೊಂದನ್ನು ಮಾಡಿಸಿ ತೂಗುಹಾಕಿ. ಕೊಳ್ಳುವ ಮುನ್ನ ಮಾರುವವರಿಂದ ಎರಡೂ ಬದಿಯ ದೊಡ್ಡ ಚಿತ್ರಗಳನ್ನು ತರಿಸಿ ಇಲ್ಲಿ ಹಾಕಿದರೆ ನಾವೂ ನೋಡಿ ಹೇಳುತ್ತೇವೆ.