ಸ್ಕೀ ಬೂಟು ಎಷ್ಟು ಬಿಗಿ ಇರಬೇಕು? ಹೊಸ ಬೂಟಲ್ಲಿ ಕಾಲುಗುರು ಕಪ್ಪಾಗಿದೆ

ಸಾಗರದವಳು (ಅರೋರಾ, ಕೊಲೊರಾಡೊ)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಅವಳ ಜೊತೆ ನಾನೂ ಸ್ಕೀಯಿಂಗ್ ಕಲಿಯೋಕೆ ಶುರು ಮಾಡಿ ಇದು ಮೂರನೇ ಚಳಿಗಾಲ. ಮೊದಲೆರಡು ವರ್ಷ ಎಲ್ಲವೂ ಬಾಡಿಗೆಯದ್ದೇ. ಈ ಸಲ ಬೂಟಾದರೂ ಸ್ವಂತದ್ದಿರಲಿ ಅಂತ ನವೆಂಬರ್‌ನಲ್ಲಿ ಮನೆ ಹತ್ತಿರದ ಅಂಗಡಿಗೆ ಹೋದೆ. ದೊಡ್ಡ ಅಂಗಡಿ, ಶನಿವಾರದ ಜನಜಂಗುಳಿ. ಅಲ್ಲಿದ್ದ ಹುಡುಗ "ಶೂ ಸೈಜ್ ಎಷ್ಟು?" ಅಂದ. ಎಂಟೂವರೆ ಅಂದೆ. ಗೋಡೆ ಮೇಲಿನ ಪಟ್ಟಿ ನೋಡಿ 25.5ರ ಬೂಟು ತಂದುಕೊಟ್ಟ. ಹಾಕಿ ನಾಲ್ಕು ಹೆಜ್ಜೆ ನಡೆದೆ, ಬೆರಳು ಎಲ್ಲೂ ತಾಗಲಿಲ್ಲ, ಹಾಯಾಗಿತ್ತು. ಕಾಲು ಗಂಟೆಯಲ್ಲಿ ವ್ಯಾಪಾರ ಮುಗೀತು. 380 ಡಾಲರ್.

ಇಳಿಜಾರಿನಲ್ಲಿ ಆ ಹಾಯಿ ಉಳಿಯಲಿಲ್ಲ. ತಿರುಗೋಕೆ ಹೋದಾಗೆಲ್ಲ ಹಿಮ್ಮಡಿ ಒಳಗೇ ಮೇಲೇಳುತ್ತೆ. ಅದನ್ನ ಹಿಡಿಯೋಕೆ ಬಕಲ್ ಇನ್ನೂ ಬಿಗಿ ಮಾಡ್ತೀನಿ, ಆಗ ಪಾದದ ಮೇಲ್ಭಾಗ ಜೋಮು ಹಿಡಿಯುತ್ತೆ. ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತೆ. ನಾಲ್ಕು ದಿನದ ಸ್ಕೀಯಿಂಗ್ ಆದಮೇಲೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಮಗಳು ಕೆಳಗೆ ನಿಂತು "ಅಮ್ಮಾ, ಬಾ" ಅಂತ ಕರೀತಿರ್ತಾಳೆ, ನಾನು ಅರ್ಧದಲ್ಲಿ ನಿಂತು ಬಕಲ್ ಬಿಚ್ಚಿ ಕಟ್ಟೋದೇ ಆಗಿದೆ.

ಉಗುರು ಕಪ್ಪಾಗಿದೆ ಅಂದ್ರೆ ಬೂಟು ಚಿಕ್ಕದಾಯ್ತು, 26.5 ತಗೋ ಅಂತಾರೆ ಯಜಮಾನರು. ನನಗೆ ಹಾಗನ್ನಿಸ್ತಿಲ್ಲ, ಒಳಗೆ ಜಾಗ ಜಾಸ್ತಿಯೇ ಇದೆ. ಬೂಟು ಕೊಳ್ಳೋವಾಗ ಏನು ಕೇಳಬೇಕು, ಏನು ನೋಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ. ಸ್ಕೀ ಹಲಗೆ ಇಡೀ ಸೀಸನ್‌ಗೆ ಬಾಡಿಗೆ ತಗೊಂಡಿರೋದು, ಅದರಲ್ಲಿ ತೊಂದರೆ ಇಲ್ಲ.

ತೀರ್ಥಹಳ್ಳಿಯವ (ಸಾಲ್ಟ್ ಲೇಕ್ ಸಿಟಿ)

ಅಕ್ಕ, ದಯವಿಟ್ಟು 26.5 ತಗೋಬೇಡಿ. ಇಲ್ಲಿಯ ಒಂದು ಅಂಗಡಿಯಲ್ಲಿ ಐದು ಚಳಿಗಾಲ ವಾರಾಂತ್ಯಕ್ಕೆ ಬೂಟು ಕೂರಿಸೋ ಕೆಲಸ ಮಾಡಿದ್ದೀನಿ. ನಿಮ್ಮಂಥ ಉಗುರುಗಳನ್ನ ಎಷ್ಟೋ ನೋಡಿದ್ದೀನಿ. ಅದರಲ್ಲಿ ಹೆಚ್ಚಿನವರ ಬೂಟು ದೊಡ್ಡದೇ ಆಗಿತ್ತು. ಹಿಮ್ಮಡಿಗೆ ಹಿಡಿತ ಸಿಗದಿದ್ರೆ ಇಳಿಯೋವಾಗ ಇಡೀ ಪಾದ ಮುಂದಕ್ಕೆ ಜಾರಿ ಉಗುರು ಹೋಗಿ ಪ್ಲಾಸ್ಟಿಕ್ಕಿಗೆ ಬಡಿಯುತ್ತೆ. ದಿನಕ್ಕೆ ನೂರಾರು ಸಲ.

ಇವತ್ತೇ ಮನೇಲಿ ಒಂದು ಕೆಲಸ ಮಾಡಿ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತ್ಕೊಳ್ಳಿ, ಎರಡೂ ಕಾಲಿನ ಮೇಲೆ ಭಾರ ಇರಲಿ. ಉದ್ದವಾದ ಬೆರಳಿನ ತುದಿಗೆ ಗೆರೆ ಎಳೆದು ಸೆಂಟಿಮೀಟರಿನಲ್ಲಿ ಅಳೆಯಿರಿ. ಸ್ಕೀ ಬೂಟಿನ ಸೈಜ್ ಅಂದ್ರೆ ಅದೇ, ಪಾದದ ಉದ್ದ. ಇದಕ್ಕೆ ಮಾಂಡೋ ಅಂತಾರೆ. ಅಮೆರಿಕದ ಎಂಟೂವರೆ ಪಟ್ಟಿಯಲ್ಲಿ 25.5 ಅನ್ನೋದೇನೋ ಸರಿ. ಆದರೆ ನಡೆಯೋ ಶೂವನ್ನ ನಾವು ಬೆರಳಿಗೆ ಜಾಗ ಬಿಟ್ಟು ಕೊಂಡಿರ್ತೀವಿ, ಹಾಗಾಗಿ ಶೂ ಸೈಜ್ ಕೇಳಿ ಬೂಟು ತಂದರೆ ಆ ಜಾಗವೂ ಅದರ ಜೊತೆ ಬರುತ್ತೆ.

ಆಮೇಲೆ ಬೂಟಿನ ಒಳಗಿನ ಮೆತ್ತನೆ ಲೈನರ್ ಎಳೆದು ತೆಗೀರಿ. ಬರಿ ಶೆಲ್‌ನಲ್ಲಿ, ಅಂದರೆ ಹೊರಗಿನ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಕಾಲಿಟ್ಟು ಬೆರಳು ಮುಂದಕ್ಕೆ ಸುಮ್ಮನೆ ತಾಗೋ ಹಾಗೆ ನಿಂತು, ಹಿಮ್ಮಡಿ ಹಿಂದೆ ಎಷ್ಟು ಜಾಗ ಇದೆ ಅಂತ ಯಾರಾದ್ರೂ ಬೆರಳು ಹಾಕಿ ನೋಡಲಿ. ಒಂದೂವರೆ ಬೆರಳು, ಅಂದರೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ರೆ ಚೆನ್ನ. ಸಲೀಸಾಗಿ ಮೂರು ಬೆರಳು ಹೋದರೆ ಆ ಬೂಟು ನಿಮ್ಮದಲ್ಲ. ಅರ್ಧ ಸೈಜ್ ಕಡಿಮೆ ಮಾಡಿ ಕೊಡ್ತೀವಿ ಅಂದ್ರೂ ಒಪ್ಕೋಬೇಡಿ: ಬಹುಪಾಲು ಕಂಪನಿಗಳಲ್ಲಿ 25 ಮತ್ತು 25.5ಕ್ಕೆ ಶೆಲ್ ಒಂದೇ.

ಅಂಗಡಿಯಲ್ಲಿ ತೆಳ್ಳನೆಯ ಸ್ಕೀ ಸಾಕ್ಸ್ ಒಂದೇ ಜೊತೆ. ಹಿಮ್ಮಡಿ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಮೇಲಿನ ಬಕಲ್‌ಗಳು, ಮಂಡಿ ಎರಡು ಸಲ ಬಗ್ಗಿಸಿ, ಆಮೇಲೆ ಕೆಳಗಿನವು, ಅವೂ ಹಗುರಾಗಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗುತ್ತೆ, ಅದಕ್ಕೆ ಹೆದರಬೇಡಿ. ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಪರೀಕ್ಷೆ ಅದೇ. ಅರ್ಧ ಗಂಟೆ ಅದರಲ್ಲೇ ಇರಿ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಒಳ್ಳೆಯದು, ಹತ್ತು ದಿನ ಹಾಕಿದರೆ ಲೈನರ್ ಒತ್ತಿಕೊಂಡು ಸಡಿಲಾಗುತ್ತೆ. ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಅಲ್ಲಿ ಶೆಲ್ ಬಿಸಿ ಮಾಡಿ ಹೊರಕ್ಕೆ ಉಬ್ಬಿಸಬಹುದು. ಚಿಕ್ಕದನ್ನ ಹೀಗೆ ದೊಡ್ಡದು ಮಾಡಬಹುದು, ದೊಡ್ಡದನ್ನ ಚಿಕ್ಕದು ಮಾಡೋಕೆ ದಾರಿ ಇಲ್ಲ.

ನಂದೇ ಕಥೆ ಹೇಳ್ತೀನಿ. ತೀರ್ಥಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೂ ಬರಿಗಾಲು, ಇಲ್ಲಾಂದ್ರೆ ಹವಾಯಿ ಚಪ್ಪಲಿ. ಬೆರಳುಗಳು ಬಿಡಿಬಿಡಿಯಾಗಿ ಹರಡಿ ಬೆಳೆದ ಪಾದ, ಮುಂದೆ 104 ಮಿಲಿಮೀಟರ್ ಅಗಲ. ಮೊದಲ ಅಂಗಡಿಯವರು ಅಗಲ ಸಾಲದ್ದಕ್ಕೆ ಉದ್ದ ಹೆಚ್ಚಿಸಿ ಎರಡು ಸೈಜ್ ದೊಡ್ಡದು ಕೊಟ್ರು. ಎರಡು ವರ್ಷ ನಾನು ಸ್ಕೀಯಿಂಗ್‌ಗೆ ಆಗದವನು ಅಂತಲೇ ನಂಬಿದ್ದೆ. ಬೂಟಿಗೆ ಉದ್ದ ಬೇರೆ, ಅಗಲ ಬೇರೆ ಅಂತ ಗೊತ್ತಾಗಿದ್ದು ಆಮೇಲೆ. 98, 100, 102 ಮಿಲಿಮೀಟರ್ ಅಂತ ಲಾಸ್ಟ್ ಅಗಲ, ಅಂದರೆ ಬೂಟಿನ ಮುಂಭಾಗದ ಒಳಗಿನ ಅಗಲ ಇರುತ್ತೆ, ಕೇಳಿ. ನಮ್ಮೂರ ಕಡೆ ಬರಿಗಾಲಲ್ಲಿ ಬೆಳೆದ ಯಾರೇ ಬಂದರೂ ನಾನು ಮೊದಲು ಅಗಲ ಅಳೀತಿದ್ದೆ.

ಫ್ಲೆಕ್ಸ್ ಸಂಖ್ಯೆ, ಅಂದರೆ ಬೂಟು ಮುಂದಕ್ಕೆ ಬಾಗೋಕೆ ಎಷ್ಟು ಗಡಸು ಅನ್ನೋದರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ನಿಮಗೆ 70–80ರ ಆಸುಪಾಸು ಸಾಕು. ಒಂದು ಕಂಪನಿಯ 80 ಇನ್ನೊಂದು ಕಂಪನಿಯ 90 ಇದ್ದ ಹಾಗಿರುತ್ತೆ, ಅದಕ್ಕೆ ಎಲ್ಲರಿಗೂ ಒಂದೇ ಅಳತೆಗೋಲು ಅಂತಿಲ್ಲ.

ಹಾಸನದಾಕೆ (ಮಿನಿಯಾಪೊಲಿಸ್)

ಮೇಲಿನವರು ಹೇಳಿದ್ದೆಲ್ಲ ನಿಜ. ಒಂದು ಸೇರಿಸ್ತೀನಿ. ಬೂಟು ಬದಲಾಯಿಸಿದ ಮೇಲೆ ಆ ಬಾಡಿಗೆ ಸ್ಕೀಗಳನ್ನ ಹಾಗೇ ಹಾಕ್ಕೊಂಡು ಹೋಗಬೇಡಿ. ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗ್ ಕೂರಿಸಿರೋದು ಹಳೇ ಬೂಟಿನ ಸೋಲ್ ಉದ್ದಕ್ಕೆ. ಹಿಮ್ಮಡಿ ಹತ್ತಿರ ಮಿಲಿಮೀಟರಿನಲ್ಲಿ ಬರೆದಿರುತ್ತೆ, ನೋಡಿ. ಸೈಜ್ ಇಳಿದರೆ ಅದೂ ಇಳಿಯುತ್ತೆ. ಹೊಸ ಬೂಟು, ಸ್ಕೀ ಎರಡೂ ತಗೊಂಡು ಬಾಡಿಗೆ ಅಂಗಡಿಗೆ ಹೋಗಿ ಮತ್ತೆ ಹೊಂದಿಸಿ ಅನ್ನಿ. ಸೋಲ್ ಮೇಲೆ ಗ್ರಿಪ್‌ವಾಕ್ (ನಡೆಯೋಕೆ ಸುಲಭವಾಗೋ ಬಾಗಿದ ಸೋಲ್) ಅಂತ ಇದ್ರೆ ಅದನ್ನೂ ಹೇಳಿ, ಎಲ್ಲ ಹಳೇ ಬೈಂಡಿಂಗ್‌ಗೂ ಅದು ಹೊಂದಲ್ಲ.

ತೂಕ, ಎತ್ತರ, ವಯಸ್ಸು, ಹೇಗೆ ಸ್ಕೀ ಮಾಡ್ತೀರಿ ಅಂತ ಫಾರಂ ಕೊಡ್ತಾರಲ್ಲ, ಅಲ್ಲಿ ಸಂಕೋಚ ಬೇಡ. ನಾನು ಹಿಂದೆ ನಿಂತವರಿಗೆ ಕಾಣುತ್ತೆ ಅಂತ ಹತ್ತು ಕೆಜಿ ಕಮ್ಮಿ ಬರೆದಿದ್ದೆ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನೋದು ಆ ಲೆಕ್ಕದಲ್ಲೇ ನಿಲ್ಲೋದು. ಸಾಧಾರಣ ತಿರುವಿನಲ್ಲಿ ಸ್ಕೀ ಕಳಚಿ ಭುಜದ ಮೇಲೆ ಬಿದ್ದೆ. ಜಾಸ್ತಿ ಬರೆದರೆ ಇನ್ನೂ ಅಪಾಯ, ಬಿದ್ದಾಗ ಕಳಚದೇ ಮಂಡಿ ತಿರುಚುತ್ತೆ.

ಬೆಂಗಳೂರಿಗ

ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಮೂರು ದಿನ ಬಾಡಿಗೆ ಬೂಟಲ್ಲಿ ಕಲಿತವನು ನಾನು. ಚಳಿ ಅಂತ ಉಣ್ಣೆ ಸಾಕ್ಸ್ ಎರಡು ಜೊತೆ ಹಾಕಿದ್ದೆ, ಕಾಲು ಮರಗಟ್ಟಿ ಹೋಗಿತ್ತು. ರಕ್ತ ಓಡಾಡೋಕೆ ಜಾಗ ಇಲ್ಲದಿದ್ರೆ ಎಷ್ಟು ಉಣ್ಣೆ ಇದ್ರೂ ಬೆಚ್ಚಗಾಗಲ್ಲ ಅಂತ ಅಲ್ಲಿಯ ತರಬೇತುದಾರರು ಒಂದು ಜೊತೆ ತೆಗೆಸಿದರು. ಹತ್ತು ನಿಮಿಷದಲ್ಲಿ ಬೆರಳಿಗೆ ಜೀವ ಬಂತು.

ಸಾಗರದವಳು (ಅರೋರಾ, ಕೊಲೊರಾಡೊ)

ಎರಡು ವಾರ ಆದಮೇಲೆ ಬರೀತಿದ್ದೀನಿ, ಕ್ಷಮಿಸಿ. ನಿಮ್ಮೆಲ್ಲರಿಗೂ ತುಂಬಾ ಋಣಿ.

ಅವತ್ತು ರಾತ್ರಿಯೇ ಅಳೆದ್ವಿ. ಬಲಗಾಲು 24.2, ಎಡಗಾಲು 24. ಲೈನರ್ ತೆಗೆದು ಶೆಲ್‌ನಲ್ಲಿ ನಿಂತೆ, ಯಜಮಾನರ ಮೂರು ಬೆರಳು ಸಲೀಸಾಗಿ ಹೋಯ್ತು. ಅವರೇ ಸುಮ್ಮನಾದರು.

ಬಳಸಿದ ಬೂಟು ವಾಪಸ್ ಆಗಲಿಲ್ಲ, ಆ ದುಡ್ಡು ಹೋಯ್ತು. ನನಗೆ ಇನ್ನೂ ಬೇಜಾರಿದೆ. ಒಂದು ಅಳತೆಪಟ್ಟಿ ಹಿಡಿದಿದ್ರೆ ಉಳೀತಿತ್ತು. ಈ ಸಲ ಬೂಟು ಕೂರಿಸೋದನ್ನೇ ಕಸುಬಾಗಿ ಮಾಡೋ ಒಂದು ಪುಟ್ಟ ಅಂಗಡಿಗೆ, ಮಂಗಳವಾರ ಮಧ್ಯಾಹ್ನ, ಮೊದಲೇ ಸಮಯ ಕೇಳಿಕೊಂಡು ಹೋದೆ. ಅಲ್ಲಿದ್ದ ಹೆಂಗಸಿಗೆ ಅರವತ್ತರ ವಯಸ್ಸಿರಬಹುದು. ಬೂಟಿನ ಮಾತೇ ಎತ್ತದೆ ನನ್ನ ಸಾಕ್ಸ್ ತೆಗೆಸಿ ನೆಲದ ಮೇಲೆ ಕೂತು ಪಾದ ಕೈಗೆ ತಗೊಂಡ್ರು. ಅಪರಿಚಿತರು, ಅದೂ ನನಗಿಂತ ಹಿರಿಯರು ನನ್ನ ಕಾಲು ಮುಟ್ಟೋದು ನನಗೆ ಬಹಳ ಕಷ್ಟ ಆಯ್ತು, ಎಳೆದುಕೊಳ್ಳೋಕೆ ಹೋದೆ. ಅವರು ಗಮನಿಸದ ಹಾಗೆ ಹಿಮ್ಮಡಿ, ಹರಡು, ಮೀನಖಂಡ ಎಲ್ಲ ಒತ್ತಿ ನೋಡಿ, "ಹಿಮ್ಮಡಿ ಸಣ್ಣ, ಮುಂದೆ ಅಗಲ" ಅಂದ್ರು. ತೀರ್ಥಹಳ್ಳಿಯವರೇ, ನೀವು ಹೇಳಿದ್ದೇ!

24.5ರಲ್ಲಿ ಮೂರು ಕಂಪನಿಯವು ತಂದ್ರು. ಮೊದಲಿನದಕ್ಕೆ ಕಾಲು ಹೋಗಲೇ ಇಲ್ಲ. ಎರಡನೇದು ಹರಡಿಗೆ ಚುಚ್ಚಿತು. ಮೂರನೇದರಲ್ಲಿ ನಲವತ್ತು ನಿಮಿಷ ನಿಂತೆ, ಬಗ್ಗಿದೆ, ನಡೆದೆ. ಬಲಗಾಲಿನ ಕಿರುಬೆರಳ ಬುಡ ಒಂದು ಕಡೆ ಉರಿಯಿತು. ಲಿಪ್‌ಸ್ಟಿಕ್‌ನಿಂದ ಅಲ್ಲಿ ಗುರುತು ಹಾಕಿ, ಶೆಲ್ ಬಿಸಿ ಮಾಡಿ ಒಳಗಿನಿಂದ ಒತ್ತಿ ಉಬ್ಬಿಸಿಕೊಟ್ರು. ಲೈನರ್ ಬಿಸಿ ಮಾಡಿ ನನ್ನ ಕಾಲಿನ ಅಚ್ಚಿಗೆ ಕೂರಿಸಿದ್ರು. ಇನ್ನೂ ಉರಿದರೆ ಬಾ, ಮತ್ತೆ ಮಾಡ್ತೀನಿ, ದುಡ್ಡು ಬೇಡ ಅಂದ್ರು. ಅಲ್ಲಿಂದ ಸ್ಕೀ ತಗೊಂಡು ಬಾಡಿಗೆ ಅಂಗಡಿಗೆ ಹೋಗಿ ಬೈಂಡಿಂಗ್ ಸರಿಮಾಡಿಸಿದೆ. ಹಾಸನದವರೇ, ತೂಕ ಇದ್ದದ್ದು ಇದ್ದ ಹಾಗೇ ಬರೆದೆ.

ಕಳೆದ ಶನಿವಾರ ಲವ್‌ಲ್ಯಾಂಡ್ ಸ್ಕೀ ತಾಣಕ್ಕೆ ಹೋಗಿದ್ವಿ, ಐಸೆನ್‌ಹೋವರ್ ಸುರಂಗದ ಈಚೆಗೆ ಇರೋದು. ರಾತ್ರಿ ಬೂಟು ಕಾರಲ್ಲಿ ಬಿಡದೆ ಮನೆಯೊಳಗೇ ಇಟ್ಟಿದ್ದರಿಂದ ಬೆಳಗ್ಗೆ ಕಾಲು ಸುಲಭವಾಗಿ ಇಳೀತು. ಮೊದಲ ಗಂಟೆ ಬಿಗಿ ಅನ್ನಿಸ್ತು. ಆಮೇಲೆ ಮಂಡಿ ಬಗ್ಗಿಸಿದ ಕೂಡಲೇ ಸ್ಕೀ ತಿರುಗೋದು ಗೊತ್ತಾಯ್ತು. ಒಮ್ಮೆಯೂ ಬಕಲ್ ಬಿಚ್ಚಲಿಲ್ಲ. ಮಧ್ಯಾಹ್ನ ಲಿಫ್ಟ್‌ನಲ್ಲಿ ಕೂತಾಗ ಮಗಳು, "ಅಮ್ಮಾ, ಇವತ್ತು ನೀನು ನಿಲ್ಲಲೇ ಇಲ್ಲ" ಅಂದಳು.

ಇನ್ನೊಂದು ಕೇಳೋದಿದೆ. ಅವಳ ಬಾಡಿಗೆ ಬೂಟಿನ ಲೈನರ್ ಕೂಡ ತೆಗೆದು ನೋಡಿದೆ, ಹಿಂದೆ ಎರಡು ಬೆರಳು ಹೋಗುತ್ತೆ. ಬೆಳೆಯೋ ಕಾಲು, ಅಷ್ಟು ಬಿಡಬಹುದಾ, ಅಥವಾ ಈಗಲೇ ಬದಲಾಯಿಸಲಾ?