ಈ ಕಂಟೇನರ್ ಡಬ್ಬಿಯಿಂದ ಅಂಥಾದ್ದೇನ್ ಬದಲಾತು?

ದೋಸೆಪ್ರಿಯ_ದಾವಣಗೆರೆ:
ನಮ್ಮೂರ್ ಬೈಪಾಸ್‌ನಾಗೆ ನಿಂತ್ರೆ ಸಾಕು, ಪುಣೆ ಕಡಿಗೆ ಸಾಲಾಗಿ ಕಂಟೇನರ್ ಗಾಡಿ ಹೊಂಟಿರ್ತಾವು. ಈ ಡಬ್ಬಿ ಬಂದಮ್ಯಾಲೇ ಪ್ರಪಂಚದ ವ್ಯಾಪಾರ ಬದಲಾತು ಅಂತಾರಲ್ಲ, ತಗಡಿನ ಪೆಟ್ಟಿಗಿ ಮಾಡೋದು ಅಂಥಾ ದೊಡ್ಡ ವಿದ್ಯೆ ಏನ್ರಿ? ಇನ್ನೊಂದು, ಕೆಲವು ಗಿಡ್ಡ ಕೆಲವು ಉದ್ದ ಇರ್ತಾವು, ಅದ್ಯಾಕೆ?

ದುರ್ಗದ_ಡ್ರೈವರ್:
ಪೆಟ್ಟಿಗೆ ಮೊದ್ಲಿಂದಾನೂ ಇತ್ತು ಗುರು. ಮಾಲ್ಕಂ ಮೆಕ್ಲೀನ್ ಅಂತ ಅಮೆರಿಕದ ಟ್ರಕ್ ಮಾಲೀಕ, ಹಡಗಿನೋನಲ್ಲ, ನಮ್ ಲೈನ್‌ನೋನು, ಅವ್ನು 1956 ಏಪ್ರಿಲ್ 26ಕ್ಕೆ ಐಡಿಯಲ್ ಎಕ್ಸ್ ಅನ್ನೋ ಹಳೇ ಟ್ಯಾಂಕರ್ ಹಡಗಿನ ಮೇಲೆ 58 ಡಬ್ಬಿ ಏರಿಸಿ ನ್ಯೂಯಾರ್ಕ್ ಪಕ್ಕದ ನ್ಯೂಆರ್ಕ್ ಬಂದರಿನಿಂದ ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಕಳಿಸ್ದ. ಬಿಡಿ ಮಾಲು ಕೈಲಿ ತುಂಬೋಕೆ ಟನ್ನಿಗೆ 5.86 ಡಾಲರ್ ಬೀಳ್ತಿತ್ತಂತೆ, ಡಬ್ಬಿಲಿ 16 ಸೆಂಟ್‌ಗೂ ಕಮ್ಮಿ. ಮುಂಚೆ ಹಡಗು ಸಮುದ್ರದಲ್ಲಿ ಓಡೋದಕ್ಕಿಂತ ಬಂದರಲ್ಲಿ ಮೂಟೆ ಇಳಿಸ್ಕೊಂಡು ನಿಂತಿರೋದೇ ಜಾಸ್ತಿ ಅನ್ನೋ ಹಂಗಿತ್ತು, ನಿಂತ ಗಾಡಿಗೆ ದುಡಿಮೆ ಎಲ್ಲಿಂದ ಬರ್ಬೇಕು ಹೇಳು.

ಎಪಿಎಂಸಿ_ಮಂದಿ:
ದುಡ್ಡು ಉಳೀತು ಅಂತೀರಿ, ಉಳಿದಿದ್ದು ಯಾರ ಕೂಲಿಯಿಂದ ಅದನ್ನೂ ಹೇಳ್ರಿ. ನಮ್ ಯಾರ್ಡ್‌ನಾಗ ಹಮಾಲಿ ಮಾಡೋರನ್ನ ದಿನಾ ನೋಡ್ತೀನಿ, ಅಂಥೋರೇ ಸಾವಿರಗಟ್ಟಲೆ ಮಂದಿ ಲಂಡನ್ ಡಾಕ್‌ನಾಗ, ಮ್ಯಾನ್‌ಹ್ಯಾಟನ್ ಕಟ್ಟೆ ಮ್ಯಾಲೆ ಇದ್ರು. ಲಂಡನ್ನಿನ ಹಳೇ ಡಾಕ್‌ಗಳು 1981ರ ಹೊತ್ತಿಗೆ ಮುಚ್ಚೇಹೋದ್ವು, ಇಂಗ್ಲೆಂಡಿನಾಗೇ ಯಾರೂ ಕೇಳಿರದ ಫೆಲಿಕ್ಸ್‌ಸ್ಟೋ ಅನ್ನೋ ಊರು ದೊಡ್ಡ ಬಂದರಾತು. ನಮ್ಮಲ್ಲೂ ಹಂಗೇ, 1989ರಾಗ ಮುಂಬೈ ಎದುರಿಗಿರೋ ನಾವಾ ಶೇವಾ ಬಂದರು ಶುರುವಾದಮ್ಯಾಲೆ ಮುಂಬೈನ ಕಂಟೇನರ್ ಕೆಲ್ಸ ಅಲ್ಲಿಗೇ ಹೋತು.

ಗೋದಾಮು_ಲೆಕ್ಕದವ:
ಇಬ್ರೂ ಹೇಳಿದ್ದು ಸರಿ, ಆದ್ರೆ ಕೇಳಿದ ಪ್ರಶ್ನೆಗೆ ಉತ್ತರ ಡಬ್ಬಿ ಮೂಲೆಯಲ್ಲಿದೆ. ಮೇಲೆ ಕೆಳಗೆ ಎಂಟೂ ಮೂಲೆಲಿ ತೂತಿರೋ ಎರಕದ ಉಕ್ಕು ಕಾಣ್ತದಲ್ಲ, ಅದಕ್ಕೆ ಟ್ವಿಸ್ಟ್‌ಲಾಕ್ ಅನ್ನೋ ತಿರುಗಣೆ ಕೊಂಡಿ ಹಾಕಿ ತಿರುವಿದ್ರೆ ಕ್ರೇನು, ಲಾರಿ, ರೈಲು, ಹಡಗು ಎಲ್ಲದಕ್ಕೂ ಕೂತ್ಕೊಳ್ತದೆ. ಮೆಕ್ಲೀನ್ ಇಂಜಿನಿಯರ್ ಟ್ಯಾಂಟ್ಲಿಂಗರ್ ಕೆಲಸ ಅದು. ಮೊದ್ಲೆಲ್ಲ ಒಂದೊಂದು ಕಂಪನಿದು ಒಂದೊಂದು ಅಳತೆ, ಒಬ್ರ ಡಬ್ಬಿ ಇನ್ನೊಬ್ರ ಹಡಗಿಗೆ ಕೂರ್ತಿರ್ಲಿಲ್ಲ. ಮೂಲೆಯ ಪೇಟೆಂಟನ್ನ ಎಲ್ಲರಿಗೂ ಬಿಟ್ಕೊಟ್ರು, ದೇಶದೇಶಗಳಿಗೆ ಒಂದೇ ಮಾನದಂಡ ಮಾಡೋ ಐಎಸ್ಒ ಸಂಸ್ಥೆ 1960ರ ದಶಕದ ಕೊನೇಲಿ ಅಳತೆ ಗೊತ್ತುಮಾಡ್ತು, ಆಮೇಲೇ ಇದು ಓಡಿದ್ದು. ತಗಡಲ್ಲ, ಅಷ್ಟು ದೇಶದವ್ರು ಒಂದು ಅಳತೆಗೆ ಒಪ್ಪಿದ್ರಲ್ಲ, ನನ್ನ ಕೇಳಿದ್ರೆ ಕಷ್ಟದ ವಿದ್ಯೆ ಅದೇ. ನಡುವೆ ವಿಯೆಟ್ನಾಂ ಯುದ್ಧನೂ ನೂಕ್ತು, ಸೈನ್ಯದ ಸಾಮಾನು ಇಳಿಸಿ ಖಾಲಿ ವಾಪಸ್ ಬರೋ ಹಡಗು ಜಪಾನ್‌ಗೆ ಹೋಗಿ ಮಾಲು ತುಂಬ್ಕೊಂಡು ಅಮೆರಿಕಕ್ಕೆ ಬರ್ತಿತ್ತು.

ದೋಸೆಪ್ರಿಯ_ದಾವಣಗೆರೆ:
ಹಂಗಾರೆ ದುರ್ಗದ ಕಬ್ಬಿಣದ ಅದಿರೂ ಇದ್ರಾಗೇ ಹೋಗ್ತದಾ? ಗಿಡ್ಡ-ಉದ್ದದ್ದು ಯಾರೂ ಹೇಳ್ಲೇ ಇಲ್ಲ.

ಗೋದಾಮು_ಲೆಕ್ಕದವ:
ಅದಿರು ಡಬ್ಬಿಗೆ ಹಾಕಲ್ಲ, ಹಡಗಿನ ಹೊಟ್ಟೆಗೇ ಸುರೀತಾರೆ, ಅದರ ಹಡಗೇ ಬೇರೆ. ಗಿಡ್ಡದ್ದು 20 ಅಡಿ, ಉದ್ದದ್ದು 40. ಜಾಗ ಡಬಲ್ ಆದ್ರೂ ತೂಕದ ಮಿತಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 30 ಟನ್ ಆಸುಪಾಸು, ಡಬ್ಬಿ ತೂಕನೂ ಸೇರಿ. ಹಂಗಾಗಿ ಮೆಕ್ಕೆಜೋಳದಂಥ ಭಾರದ ಚೀಲ ಆದ್ರೆ ಗಿಡ್ಡದ್ದು ತರಿಸ್ತಾರೆ, ರೆಡಿಮೇಡ್ ಬಟ್ಟೆ ಆದ್ರೆ ಉದ್ದದ್ದು.