ಮಗಳು ಸೊರಾರಿಟಿ ಸೇರ್ತೀನಿ ಅಂತಾಳೆ: ಓದುಗರ ಸ್ಪಂದನ

ಸಮಸ್ಯೆ: ನಾವು ಮೈಸೂರಿನವರು. ಮಗಳು ಅಮೆರಿಕದ ಒಂದು ದೊಡ್ಡ ಸ್ಟೇಟ್ ಯೂನಿವರ್ಸಿಟಿಯಲ್ಲಿ ಡಿಗ್ರಿ ಓದ್ತಿದಾಳೆ. ಆಗಸ್ಟ್‌ನಲ್ಲಿ ಸೊರಾರಿಟಿ (ಅಲ್ಲಿನ ಕಾಲೇಜು ಹುಡುಗೀರ ಸಂಘ, ಎಷ್ಟೋ ಸಂಘಗಳಿಗೆ ತಮ್ಮದೇ ಮನೆ ಇರುತ್ತಂತೆ) ಸೇರ್ತೀನಿ ಅಂತ ಹಠ. ಅವಳಪ್ಪ "ಅದು ಕುಡಿಯೋರ ಕ್ಲಬ್ಬು, ರ‍್ಯಾಗಿಂಗ್ ಮಾಡಿ ಹುಡುಗರನ್ನ ಸಾಯಿಸಿದಾರೆ" ಅಂತ ಅವಳ ಜೊತೆ ಮಾತೇ ಬಿಟ್ಟಿದಾರೆ. ನಾನು ಯಾರ ಕಡೆ ನಿಲ್ಲಲಿ?

ಡಲ್ಲಾಸ್‌ನಿಂದ ಒಬ್ಬ ತಂದೆ:

ಮೇಡಂ, ನಿಮ್ಮ ಯಜಮಾನ್ರ ಭಯ ಸುಳ್ಳಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್‌ನಲ್ಲಿ ತಿಮೋತಿ ಪಿಯಾಝಾ ಅನ್ನೋ 19 ವರ್ಷದ ಹುಡುಗನಿಗೆ ಫ್ರಟರ್ನಿಟಿ (ಹುಡುಗರ ಸಂಘ) ಮನೇಲಿ ಒಂದರ ಮೇಲೊಂದು ಕುಡಿಸಿ, ಅವನು ಮೆಟ್ಟಿಲಿಂದ ಬಿದ್ದ ಮೇಲೂ ಹೆಚ್ಚುಕಡಿಮೆ 12 ಗಂಟೆ ಯಾರೂ ಆಂಬುಲೆನ್ಸ್ ಕರೀಲಿಲ್ಲ, ಹುಡುಗ ತೀರ್ಕೊಂಡ. ಅದೇ ವರ್ಷ ಸೆಪ್ಟೆಂಬರಲ್ಲಿ ಲೂಸಿಯಾನಾ ಸ್ಟೇಟ್‌ನಲ್ಲಿ ಮ್ಯಾಕ್ಸ್ ಗ್ರೂವರ್, ಅದೂ ಕುಡಿಸಿಯೇ. ಆದ್ರೆ ಇವೆರಡೂ ಗಂಡುಮಕ್ಕಳ ಫ್ರಟರ್ನಿಟಿಗಳು. ಸೊರಾರಿಟಿಗಳಲ್ಲಿ ಹೇಜಿಂಗ್, ಅಂದ್ರೆ ನಮ್ಮ ರ‍್ಯಾಗಿಂಗ್ ಥರದ್ದು, ಇಲ್ವೇ ಇಲ್ಲ ಅಂತ ನಾನು ಹೇಳಲ್ಲ, ಇದೆ, ಆದ್ರೆ ಹಳೇ ದೊಡ್ಡ ಸೊರಾರಿಟಿಗಳ ಮನೆಯೊಳಗೆ ಸಾಮಾನ್ಯವಾಗಿ ಮದ್ಯ ತರೋ ಹಾಗೇ ಇಲ್ಲ. ಹಾಗಾಗಿ ಪಾರ್ಟಿ ಎಲ್ಲಾ ನಡಿಯೋದು ಫ್ರಟರ್ನಿಟಿ ಹುಡುಗರ ಮನೇಲಿ, ಗ್ಲಾಸಿಗೆ ಏನು ಹಾಕಿದಾರೆ ಅಂತ ಗೊತ್ತಿರಲ್ಲ. ನೀವು ಮಗಳ ಹತ್ರ ಮಾತಾಡ್ಬೇಕಾಗಿರೋದು ಸೊರಾರಿಟಿಗಿಂತ ಜಾಸ್ತಿ ಆ ಮನೆಗಳ ಬಗ್ಗೆ.

ನನ್ನ ಮಗಳು ಇದನ್ನೆಲ್ಲ ದಾಟಿ ಬಂದಿದಾಳೆ. ಹೊಸಬರನ್ನ ಆರಿಸ್ಕೊಳ್ಳೋದಕ್ಕೆ ರಶ್ ಅಂತಾರೆ, ಈಗ ರಿಕ್ರೂಟ್‌ಮೆಂಟ್ ಅನ್ನೋದು. ಆಗಸ್ಟ್ ಬಿಸಿಲಲ್ಲಿ ಮನೆ ಮನೆ ಮುಂದೆ ಸಾಲಾಗಿ ನಿಲ್ಲಬೇಕು, ಬಾಗಿಲು ತೆಗೆದ ತಕ್ಷಣ ಒಳಗಿರೋ ಹುಡುಗೀರೆಲ್ಲ ಚಪ್ಪಾಳೆ ತಟ್ಕೊಂಡು ಜೋರಾಗಿ ಹಾಡ್ತಾರೆ, ಒಬ್ಬಳು ಮಾತಾಡಿಸ್ತಿರೋವಾಗ್ಲೇ ಇನ್ನೊಬ್ಬಳು ಬಂದು ಅವಳ ಜಾಗದಲ್ಲಿ ನಿಂತ್ಕೋತಾಳೆ, ಆ ಕೆಲವು ನಿಮಿಷದ ಮಾತಿನ ಮೇಲೇ ಎಲ್ಲಾ ತೀರ್ಮಾನ. ಮಾರನೇ ದಿನ ಮತ್ತೆ ಕರೆದ ಮನೆಗಳ ಲಿಸ್ಟ್ ಬಂದಾಗ ಇವಳಿಗೆ ತುಂಬಾ ಇಷ್ಟ ಆದ ಮನೆಯ ಹೆಸರೇ ಇರ್ಲಿಲ್ಲ, ಯಾಕೆ ಅಂತ ಯಾರೂ ಹೇಳಲ್ಲ. ಫೋನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಸೇರೋಕೆ ಮುಂಚೆಯೇ ಈ ಏಟು ಬೀಳುತ್ತೆ, ಅದಕ್ಕೆ ಅವಳನ್ನ ಈಗ್ಲಿಂದಾನೇ ತಯಾರು ಮಾಡಿ.

ಇನ್ನು ದುಡ್ಡು. ಸೆಮಿಸ್ಟರ್‌ಗೆ ಕೆಲವು ನೂರು ಡಾಲರಿಂದ ಕೆಲವು ಸಾವಿರದವರೆಗೂ ಆಗುತ್ತೆ, ಊರು ಮತ್ತು ಮನೆ ಮೇಲೆ ಹೋಗುತ್ತೆ. ಮೊದಲ ವರ್ಷ ಹೊಸ ಮೆಂಬರ್ ಫೀ, ಬ್ಯಾಡ್ಜು, ಟೀಶರ್ಟುಗಳು ಅಂತ ಜಾಸ್ತಿ. ಎಷ್ಟೋ ಕಡೆ ಒಂದು ವರ್ಷ ಆ ಮನೇಲೇ ಇರ್ಬೇಕು ಅಂತ ಕಾಂಟ್ರ್ಯಾಕ್ಟ್ ಸೈನ್ ಮಾಡಿಸ್ತಾರೆ, ಇರದೇ ಹೋದ್ರೂ ಪಾರ್ಲರ್ ಫೀ ಅಂತ ಕಟ್ಟಬೇಕು. ಆ ಕಾಂಟ್ರ್ಯಾಕ್ಟನ್ನ ಸೈನ್ ಮಾಡೋಕೆ ಮುಂಚೆ ನೀವಿಬ್ರೂ ಓದಿ.

ಇನ್ನೊಂದು, 2024ರ ಡಿಸೆಂಬರಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಅಂತ ಫೆಡರಲ್ ಕಾನೂನು ಬಂತು. ಅದರ ಪ್ರಕಾರ ಹೇಜಿಂಗ್ ಮಾಡಿ ತಪ್ಪಿತಸ್ಥರು ಅಂತ ಆದ ಸಂಘಗಳ ಹೆಸರನ್ನ ಯೂನಿವರ್ಸಿಟಿ ತನ್ನ ವೆಬ್‌ಸೈಟಲ್ಲಿ ಹಾಕ್ಲೇಬೇಕು. ಮಗಳು ಹೇಳೋ ಸೊರಾರಿಟಿ ಅದರಲ್ಲಿದ್ಯಾ ಅಂತ ನಿಮ್ಮ ಯಜಮಾನ್ರೇ ಕೂತು ಹುಡುಕ್ಲಿ, ಅವರ ಭಯಕ್ಕೆ ಒಂದು ಕೆಲಸನೂ ಸಿಕ್ಕಿದ ಹಾಗಾಗುತ್ತೆ.

ಚಿಕಾಗೋದಿಂದ ಒಬ್ಬರು:

ನನ್ನ ಕೇಳಿದ್ರೆ ಬೇಡ. ಮಗಳು ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾದಲ್ಲಿದ್ರೆ ಅಂತೂ ಖಂಡಿತ ಬೇಡ. ಇಲ್ಲಿ 21 ವರ್ಷ ಆಗೋವರೆಗೆ ಕುಡಿಯೋ ಹಾಗಿಲ್ಲ, ಕುಡಿದು ಕಾರು ಓಡಿಸಿ ಸಿಕ್ಕಿಬಿದ್ರೆ ಕೋರ್ಟಲ್ಲಿ ತೀರ್ಮಾನ ಆಗೋ ಮುಂಚೆಯೇ ವೀಸಾ ರದ್ದು ಮಾಡಬಹುದು, ಅದೇ ಅಮೆರಿಕನ್ ಹುಡುಗಿಗಾದ್ರೆ ಫೈನು ಲಾಯರು ಅಂತ ಹೇಗೋ ಮುಗಿಯುತ್ತೆ. ಸೊರಾರಿಟಿ ಫೀ ಕಟ್ಟೋಕೆ ಹೊರಗೆ ಎಲ್ಲೋ ಕೆಲಸ ಮಾಡ್ಕೋತೀನಿ ಅನ್ನೋ ಹಾಗೂ ಇಲ್ಲ, ಕ್ಯಾಂಪಸ್ ಒಳಗಡೆ, ಅದೂ ಕ್ಲಾಸ್ ನಡೀತಿರೋವಾಗ ವಾರಕ್ಕೆ 20 ಗಂಟೆ ಅಷ್ಟೇ. ಮಿಕ್ಕಿದ್ದೆಲ್ಲ ಮೈಸೂರಿಂದಾನೇ ಹೋಗ್ಬೇಕು.

ಹುಬ್ಬಳ್ಳಿಯಿಂದ, ನಿವೃತ್ತ ಹಾಸ್ಟೆಲ್ ವಾರ್ಡನ್:

ತಂಗೀ, ನನಗ ಸೊರಾರಿಟಿ ಗೊತ್ತಿಲ್ಲ, ಹಾಸ್ಟೆಲ್ ಹುಡುಗ್ಯಾರು ಗೊತ್ತು. ರ‍್ಯಾಗಿಂಗ್ ಆದ ಹುಡುಗ್ಯಾರನ್ನ ಕರದು "ಮನಿಗ್ಯಾಕ ಹೇಳ್ಲಿಲ್ಲವಾ" ಅಂತ ಕೇಳಿದ್ರ "ಅಪ್ಪ ಮೊದಲ ಬ್ಯಾಡ ಅಂದಿದ್ರು ಮೇಡಂ, ಈಗ ಹೇಳಿದ್ರ ಓದೇ ಬಿಡಸ್ತಾರ" ಅಂತಿದ್ರು. ಸಹಿಸಿಕೋತಿದ್ರು ಪಾಪ, ಕೈಮೀರಿದಾಗನ ನಮಗ ಗೊತ್ತಾಗೋದು. ನಿನ್ನ ಗಂಡ ಸಿಟ್ಟು ಮಾಡ್ಲಿ, ಬ್ಯಾಡ ಅನ್ಲಿ, ಆದ್ರ ಮಾತು ಬಿಡಬಾರ್ದು. ನಾಳೆ ಆ ಕೂಸು ರಾತ್ರಿ ಎರಡಕ್ಕ ಫೋನ್ ಮಾಡ್ಬೇಕಂದ್ರ ಯಾರಿಗೆ ಮಾಡ್ಬೇಕು? ಇವತ್ತ ಫೋನ್ ಹಚ್ಚಿ ಕೊಡು ಅವರ ಕೈಯಾಗ.

ಹ್ಯೂಸ್ಟನ್‌ನಿಂದ ಒಬ್ಬ ಯುವತಿ:

ಆಂಟಿ, ವಾರ್ಡನ್ ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸೌತ್ ಏಷ್ಯನ್ ಹುಡುಗೀರ ಸೊರಾರಿಟಿಯಲ್ಲಿದ್ದೆ. ಇಂಥವು ಹಲವಾರಿವೆ, ಡೆಲ್ಟಾ ಫೈ ಒಮೇಗಾ 1998ರಲ್ಲಿ ಇಲ್ಲಿ ಹ್ಯೂಸ್ಟನ್ ಯೂನಿವರ್ಸಿಟಿಯಲ್ಲೇ ಶುರುವಾಗಿದ್ದು, ಅದೇ ವರ್ಷ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ. ದೊಡ್ಡ ಬಂಗಲೆ ಇರಲ್ಲ, ಖರ್ಚು ಸಾಮಾನ್ಯವಾಗಿ ಕಮ್ಮಿ. ನಂಗೆ ಜ್ವರ ಬಂದಾಗ ಗಂಜಿ ಮಾಡ್ಕೊಟ್ಟಿದ್ದು, ಇಂಟರ್ನ್‌ಶಿಪ್‌ಗೆ ರೆಸ್ಯೂಮೆ ತಿದ್ದಿದ್ದು ನನ್ನ "ಬಿಗ್", ಅಂದ್ರೆ ಹೊಸಬರಿಗೆ ಅಕ್ಕನ ಥರ ಇರೋ ಸೀನಿಯರ್. ಮಗಳು ಬಯಸ್ತಿರೋದು ಅದನ್ನೇ ಇರ್ಬೇಕು, ಅದರಲ್ಲಿ ಏನೂ ತಪ್ಪಿಲ್ಲ.

ಆದ್ರೆ ನಮ್ಮ ಬಣ್ಣದೋರು ಅಂತ ಮೈಮರೀಬಾರದು. 2013ರ ಡಿಸೆಂಬರಲ್ಲಿ ನ್ಯೂಯಾರ್ಕ್‌ನ ಬರೂಕ್ ಕಾಲೇಜಿನ ಮೈಕಲ್ ಡೆಂಗ್ ಸತ್ತಿದ್ದು ಏಷ್ಯನ್ ಅಮೆರಿಕನ್ ಫ್ರಟರ್ನಿಟಿಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಭಾರದ ಬ್ಯಾಗ್ ಹಾಕಿ, ಹೆಪ್ಪುಗಟ್ಟಿದ ನೆಲದ ಮೇಲೆ ಮತ್ತೆ ಮತ್ತೆ ಕೆಡವಿದ್ರು. ಮಗಳಿಗೆ ಇಷ್ಟು ಹೇಳಿ: ಫೋನ್ ಕಿತ್ಕೊಂಡ್ರೆ, ರಾತ್ರಿಯೆಲ್ಲಾ ಎಚ್ಚರ ಇರಿಸಿದ್ರೆ, "ಇದನ್ನ ಮನೇಲಿ ಹೇಳ್ಬೇಡ" ಅಂದ್ರೆ ಆ ಕ್ಷಣಾನೇ ಎದ್ದು ಬರ್ಲಿ, ಸೇರಿದ ಮೇಲೂ ಬಿಡಬಹುದು. ಮತ್ತೆ ಟೆಕ್ಸಸ್‌ನಲ್ಲಿ, ಇನ್ನೂ ಹಲವು ರಾಜ್ಯಗಳಲ್ಲೂ, ಫ್ರೆಂಡ್ ಕುಡಿದು ಎಚ್ಚರ ತಪ್ಪಿದ್ರೆ ಮೊದ್ಲು ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ ಆಂಬುಲೆನ್ಸ್ ಬರೋವರೆಗೆ ಅಲ್ಲೇ ಇದ್ದೋರಿಗೆ, ಅವರು 21 ತುಂಬದೆ ಕುಡಿದಿದ್ರೂ, ಅದಕ್ಕೆ ಕೇಸ್ ಹಾಕಲ್ಲ. ಇದು ಗೊತ್ತಿಲ್ದೇನೇ ಮಕ್ಕಳು ಹೆದರಿ ಫೋನ್ ಮಾಡಲ್ಲ. ಅವಳಿರೋ ರಾಜ್ಯದಲ್ಲಿ ಏನು ಕಾನೂನಿದೆ ಅಂತ ನೋಡಿ ಆಂಟಿ, ಅಂಕಲ್‌ಗೂ ತೋರ್ಸಿ, ಆಗಸ್ಟ್‌ಗೆ ಮುಂಚೆ.